ಬಾಯಿ ಬಿಟ್ಟು ಹೇಳಿ ರಾಯರೇ

ಉಡುಪಿಯ ಕುಂಜಿಬೆಟ್ಟಿನ ನಮ್ಮ ನೆರೆಮನೆಯ ರಾಯರಿಗೂ ಅವರ ಮಹಡಿಯಲ್ಲಿ ಬಾಡಿಗೆಗಿದ್ದ ಜರ್ಮನಿಯ ಹುಡುಗನಿಗೂ ಜಗಳವಾಗಿ, ಅವನು ಮನೆ ಬಿಟ್ಟು ಹೋದ. ಬೀದಿಯವರದೆಲ್ಲ ಒಂದೇ ಮಾತು: "ಅವರ ಕ್ರಮವೇ ಬೇರೆ, ನಮಗೆ ಹೊಂದಿಕೆಯಾಗುವುದಿಲ್ಲ." ನಾನು ಒಪ್ಪುವುದಿಲ್ಲ. ಅವರಿಬ್ಬರು ಒಮ್ಮೆಯೂ ಕೂತು ಮಾತಾಡಿಯೇ ಇರಲಿಲ್ಲ.

ರಾಯರು ಬ್ಯಾಂಕಿನಿಂದ ನಿವೃತ್ತರು, ಒಳ್ಳೆಯ ಇಂಗ್ಲಿಷ್ ಬರುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಗೇಟಿನಾಚೆ ಬರುವುದೇ ಕಡಿಮೆ. ಬಾಡಿಗೆ ಮಾತುಕತೆಯೂ ಬ್ರೋಕರ್ ಮೂಲಕವೇ. ಹುಡುಗ ಮಣಿಪಾಲಕ್ಕೆ ಓದಲು ಬಂದವ. ಶೂ ಹಾಕಿಕೊಂಡೇ ಜಗಲಿ ದಾಟಿದ. ತುಳಸಿಕಟ್ಟೆಯ ಮೇಲೆ ಒದ್ದೆ ಟವೆಲ್ ಹರವಿದ. ಮೀನು ಹುರಿದ. ಒಂದೊಂದಕ್ಕೂ ರಾಯರು ಒಳಗೊಳಗೇ ಕುದ್ದರೇ ಹೊರತು ಬಾಯಿ ಬಿಡಲಿಲ್ಲ.

ಜಾಸ್ತಿ ಕೆಟ್ಟದ್ದು ನೀರಿನ ವಿಷಯದಲ್ಲಿ. ಉಡುಪಿಯಲ್ಲಿ ವರ್ಷಕ್ಕೆ 4000 ಮಿ.ಮೀ.ಗಿಂತ ಹೆಚ್ಚು ಮಳೆ. ಹುಡುಗ ಬಂದದ್ದು ಜುಲೈಯಲ್ಲಿ. ಆಗ ಬಾವಿ ಕೈಗೆ ಎಟುಕುವಷ್ಟು ತುಂಬಿತ್ತು. ಅದೇ ಬಾವಿ ಏಪ್ರಿಲಿನಲ್ಲಿ ತಳ ಕಾಣುತ್ತದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ನಮ್ಮ ಮುರಕಲ್ಲಿನ ನೆಲ ನೀರನ್ನು ಹೆಚ್ಚು ದಿನ ಹಿಡಿದಿಡುವುದಿಲ್ಲ. 2019ರ ಮೇ ತಿಂಗಳಿನಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಹೆಚ್ಚುಕಡಿಮೆ ಬರಿದಾಗಿ, ಊರಿಗೆ ಸರದಿ ಪ್ರಕಾರ ನೀರು ಬಿಟ್ಟದ್ದು ನಮಗೆಲ್ಲ ನೆನಪಿದೆ. ರಾಯರು ಆ ಹೆದರಿಕೆಯಲ್ಲೇ ಬೆಳಿಗ್ಗೆ ಸ್ವಲ್ಪ ಹೊತ್ತು ಪಂಪು ಹಾಕಿ, ಆಮೇಲೆ ಫ್ಯೂಸ್ ತೆಗೆದಿಡುತ್ತಿದ್ದರು. ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಬರೀ ಗಾಳಿ. ತನ್ನನ್ನು ಓಡಿಸಲೆಂದೇ ಹೀಗೆ ಮಾಡುತ್ತಾರೆ ಎಂದುಕೊಂಡ ಹುಡುಗ. ಒಮ್ಮೆ ಬಾವಿಕಟ್ಟೆಗೆ ಕರೆದು "ಬಗ್ಗಿ ನೋಡು ಮಾರಾಯ" ಎಂದಿದ್ದರೆ ಸಾಕಿತ್ತು.

ಪಾಸ್‌ಪೋರ್ಟಿನದ್ದೂ ಇದೇ ಕಥೆ. ವಿದೇಶಿಯರಿಗೆ ಇರಲು ಜಾಗ ಕೊಟ್ಟವರು 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸರ್ಕಾರಕ್ಕೆ ತಿಳಿಸಬೇಕು, ಇದು ಕಾನೂನು. ಅದಕ್ಕೇ ಪಾಸ್‌ಪೋರ್ಟ್, ವೀಸಾದ ಪ್ರತಿ ಬೇಕು. ರಾಯರು ಕಾರಣ ಹೇಳದೆ ಬ್ರೋಕರನನ್ನು ಕಳಿಸಿ "ಪಾಸ್‌ಪೋರ್ಟ್ ಕೊಡು" ಎಂದು ಕೇಳಿಸಿದರು. ಪರದೇಶದಲ್ಲಿ ಯಾರೋ ಬಂದು ಹೀಗೆ ಕೇಳಿದರೆ ನಮ್ಮ ಮಕ್ಕಳಾದರೂ ಸುಮ್ನೆ ಕೊಟ್ಟುಬಿಡುತ್ತಾರಾ?

ಹುಡುಗನದ್ದೂ ತಪ್ಪಿದೆ. ವಯಸ್ಸಾದವರ ಮೇಲೆ ಅಂಗಳದಲ್ಲಿ ನಿಂತು ಕೂಗಾಡಬಾರದಿತ್ತು. ಆದರೆ ಆ ಕೂಗಾಟಕ್ಕೆ ಕಾರಣ, ಅವನಿಲ್ಲದಾಗ ರಾಯರು ಇನ್ನೊಂದು ಕೀಲಿಕೈ ಹಾಕಿ ರೂಮಿನೊಳಗೆ ಹೋಗಿದ್ದು. "ನನ್ನ ಮನೆ, ನಾನು ನೋಡಬಾರದಾ?" ಎನ್ನುತ್ತಾರೆ ರಾಯರು. ನೋಡಬಾರದು ರಾಯರೇ. ಬಾಡಿಗೆ ತೆಗೆದುಕೊಂಡ ಮೇಲೆ ಆ ರೂಮು ಅವನದ್ದು. ಹೇಳಿ, ಕೇಳಿ ಹೋಗಬೇಕು. ಇದರಲ್ಲಿ ನಾನು ಪೂರ್ತಿ ಹುಡುಗನ ಕಡೆ.

ನಮ್ಮ ಜಿಲ್ಲೆಯಲ್ಲಿ ಮುಂಬೈಗೋ ಗಲ್ಫಿಗೋ ಹೋಗಿ ಬಾಡಿಗೆಗೆ ಇದ್ದವರು ಇಲ್ಲದ ಮನೆ ಹುಡುಕಬೇಕು. ರಾಯರ ಮಗನೇ ಅಮೆರಿಕದಲ್ಲಿ ಬಾಡಿಗೆ ಮನೆಯಲ್ಲಿದ್ದಾನೆ. ಯಾವ ಕಸ ಯಾವ ಡಬ್ಬಿಗೆ, ರಾತ್ರಿ ಎಷ್ಟು ಗಂಟೆಯ ಮೇಲೆ ಸದ್ದು ಮಾಡಬಾರದು ಎಂದು ಅವನಿಗೂ ಯಾರೋ ಹೇಳಿಕೊಟ್ಟಿರುತ್ತಾರೆ ಅಲ್ವಾ?

ಈಗ ಮಹಡಿ ಖಾಲಿಯಿದೆ. ಬಾಡಿಗೆಗೆ ಯಾರು ಬಂದರೂ ಮೊದಲ ದಿನವೇ ಜಗಲಿಯಲ್ಲಿ ಕೂರಿಸಿ, ಶೂ, ತುಳಸಿಕಟ್ಟೆ, ಪಂಪಿನ ಹೊತ್ತು, ಮೀನು, ಕೀಲಿಕೈ ಎಲ್ಲವನ್ನೂ ಹೇಳಿ ಎಂದು ರಾಯರಿಗೆ ಹೇಳಿದ್ದೇನೆ. ಮೀನು ಬೇಡವೆಂದಿದ್ದರೆ ಅಡ್ವಾನ್ಸ್ ತೆಗೆದುಕೊಳ್ಳುವ ಮೊದಲೇ ಹೇಳಬೇಕು. ಮಾತಾಡಲು ಕಷ್ಟವೆಂದರೆ ಕರೆಯಿರಿ, ಪಕ್ಕದಲ್ಲಿ ಬಂದು ಕೂರುತ್ತೇನೆ. ಈ ಕಡೆ ವಿದೇಶಿ ಹುಡುಗರಿಗೆ ಮನೆ ಕೊಡುವ ಬೇರೆಯವರು ಕರೆದರೂ ಬರುತ್ತೇನೆ.