ಇಂದಿರಾನಗರದ ಆಚೆಗೂ ಒಳ್ಳೆಯ ಬಿಯರ್ ಸಿಗುತ್ತದೆ

ಬೆಂಗಳೂರಿನ ಬಿಯರ್ ಜಾಗಗಳ ನಿಮ್ಮ ಪಟ್ಟಿ ಓದಿದೆ. ಒಳ್ಳೆಯ ಕ್ರಾಫ್ಟ್ ಬಿಯರ್ (ಸಣ್ಣ ಪ್ರಮಾಣದಲ್ಲಿ ತಯಾರಿಸುವ ಬಿಯರ್) ಬೇಕಾದರೆ ಇಂದಿರಾನಗರ, ಕೋರಮಂಗಲಕ್ಕೇ ಹೋಗಬೇಕು ಎನ್ನುವ ಹಾಗೆ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಬಿಯರ್ ತಾನೇ ತಯಾರಿಸುವ ಇಂದಿರಾನಗರದ ಟಾಯ್ಟ್ ಪಬ್ ಚೆನ್ನಾಗಿಯೇ ಇದೆ, ಅಲ್ಲಿನ ಬಾಸ್ಮತಿ ಅಕ್ಕಿಯ ಬಿಯರ್ ನನಗೂ ಇಷ್ಟ. ಆದರೆ ವೈಟ್‌ಫೀಲ್ಡ್ ಕಡೆಯ ವಿಂಡ್‌ಮಿಲ್ಸ್ ಏನೂ ಕಮ್ಮಿ ಇಲ್ಲ. ಒಳ್ಳೆಯ ಬಿಯರ್ ಜೊತೆ ಪುಸ್ತಕದ ಕಪಾಟು, ಜಾಝ್ ಕಛೇರಿ ಇನ್ನೆಲ್ಲಿ ಸಿಗುತ್ತದೆ?

ಹೊಸ ಏರಿಯಾದಲ್ಲಿ ಹುಡುಕುವವರು ಸ್ಟಾರ್ ರೇಟಿಂಗ್ ಜಾಸ್ತಿ ನಂಬಬೇಡಿ. ಮೊದಲು ಹೆಫೆವೈಜನ್, ಅಂದರೆ ಜರ್ಮನ್ ಶೈಲಿಯ ಗೋಧಿ ಬಿಯರ್, ಸ್ಯಾಂಪಲ್ ಕೇಳಿ. ಬಾಳೆಹಣ್ಣು, ಲವಂಗದ ಪರಿಮಳ ಬರಬೇಕು. ಅದು ಹಣ್ಣು ಹಾಕಿ ಬರುವುದಲ್ಲ, ಯೀಸ್ಟ್‌ನದೇ ಕೆಲಸ. ಬೆಣ್ಣೆ ವಾಸನೆ ಹೊಡೆದರೆ ಸಾಮಾನ್ಯವಾಗಿ ಹುದುಗು ಪೂರ್ತಿ ಆಗುವ ಮುಂಚೆಯೇ ತೆಗೆದಿರುತ್ತಾರೆ. ವಿನೆಗರ್ ಹುಳಿ ಇದ್ದರೆ ಬಿಯರ್ ಬರುವ ಪೈಪ್ ಸರಿಯಾಗಿ ತೊಳೆಯದೆ ಇರಬಹುದು. ತುಂಬಾ ತಣ್ಣಗಿದ್ದಾಗ ಇದೆಲ್ಲ ನಾಲಿಗೆಗೆ ಗೊತ್ತಾಗುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಕುಡಿಯಿರಿ. ಯಾವಾಗ ತಯಾರಿಸಿದ್ದು ಅಂತಲೂ ಕೇಳಿ. ಖುಷಿಯಿಂದ ವಿವರಿಸುವ ಹುಡುಗರು ಇರುವ ಕಡೆಗೇ ನಾನು ಮತ್ತೆ ಮತ್ತೆ ಹೋಗುವುದು.

ಮುಂದಿನ ಪಟ್ಟಿಯಲ್ಲಿ ಹತ್ತಿರದ ಮೆಟ್ರೊ ನಿಲ್ದಾಣವನ್ನೂ ದಯವಿಟ್ಟು ಹಾಕಿ. 2023ರಿಂದ ನೇರಳೆ ಮಾರ್ಗದ ರೈಲು ವೈಟ್‌ಫೀಲ್ಡ್‌ವರೆಗೂ ನೇರವಾಗಿ ಓಡುತ್ತಿದೆ. ಕುಡಿದು ಗಾಡಿ ಮುಟ್ಟುವ ಅಗತ್ಯವೇ ಇಲ್ಲ ಅಲ್ವಾ?