ಕಣ್ಣೆದುರು ಕಾಳಿ ನದಿ, ತಟ್ಟೆಯಲ್ಲಿ ಬಾಸಾ

ಊರಿನ ಊಟವನ್ನೇ ಬಡಿಸದ ರೆಸಾರ್ಟುಗಳ ಮೇಲಿನ ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಕಾದೆ. ಇಳಿಯುವ ಲಕ್ಷಣ ಕಾಣುತ್ತಿಲ್ಲ, ಹಾಗಾಗಿ ಬರೆದೇಬಿಡುತ್ತೇನೆ.

ಶನಿವಾರ, ರವಿವಾರ ಕಾರವಾರದಲ್ಲಿದ್ದೆವು. ಅತ್ತೆಯವರು, ಮೈದುನ, ನೆಗೆಣ್ಣಿ, ಮಕ್ಕಳು ಎಲ್ಲ ಸೇರಿ ಹುಬ್ಬಳ್ಳಿಯಿಂದ ಅರಬೈಲ್ ಘಟ್ಟ ಇಳಿದು ಹೋಗಿದ್ದು. ಕಾಳಿ ನದಿ ಸಮುದ್ರ ಸೇರುವ ಕಡೆ, ದಂಡೆಯ ಮೇಲಿನ ಒಂದು ರೆಸಾರ್ಟ್. ಹೆಸರು ಬರೆಯುವುದಿಲ್ಲ. ಬರೆದರೆ ಅದೊಂದೇ ತಪ್ಪು ಮಾಡಿದ ಹಾಗೆ ಆಗುತ್ತದೆ. ನಮ್ಮ ಕರಾವಳಿಯಲ್ಲಿ ಉಳಿದುಕೊಂಡ ಇಂಥ ಬೇರೆ ಕಡೆಗಳಲ್ಲೂ ನಾನು ಇದನ್ನೇ ಉಂಡಿದ್ದೇನೆ.

ಜಾಗದ ಬಗ್ಗೆ ತಕರಾರಿಲ್ಲ. ಊಟದ ಹಾಲ್‌ನ ಒಂದು ಬದಿಗೆ ಗೋಡೆಯೇ ಇಲ್ಲ. ಕೂತಲ್ಲಿಂದ ನದಿ, ಸದಾಶಿವಗಡದ ಗುಡ್ಡ, ಬೇಡ ಅನ್ನುವಷ್ಟು ಗಾಳಿ. ರೂಮಿನಲ್ಲಿ ಒಂದು ಪುಸ್ತಿಕೆಯನ್ನೂ ಇಟ್ಟಿದ್ದರು. ಕಾಳಿ ಜೋಯಿಡಾದ ಡಿಗ್ಗಿಯಲ್ಲಿ ಹುಟ್ಟುತ್ತದೆ, ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು ದಾಟಿ ಸುಮಾರು 184 ಕಿಲೋಮೀಟರ್ ಹರಿದು ಇಲ್ಲಿ ಕಡಲು ಸೇರುತ್ತದೆ ಅಂತೆಲ್ಲ ಚಂದವಾಗಿ ಬರೆದಿದ್ದರು. ಆ ನದಿ ಇಲ್ಲಿಯ ಜನಕ್ಕೆ ತಿನ್ನಲು ಏನು ಕೊಡುತ್ತದೆ ಅನ್ನುವುದು ಮಾತ್ರ ಒಂದು ಸಾಲೂ ಇರಲಿಲ್ಲ.

ಮಧ್ಯಾಹ್ನದ ಊಟಕ್ಕೆ ಕೂತಾಗ ಇಳಿತದ ಹೊತ್ತು. ನೀರು ಸರಿದು ಮರಳ ದಿಬ್ಬ ಎದ್ದಿತ್ತು. ಹೆಂಗಸರು ಮೊಣಕಾಲು ಮಟ್ಟದ ನೀರಲ್ಲಿ ಬಾಗಿ ತಿಸ್ರೆ ಹೆಕ್ಕುತ್ತಿದ್ದರು. ಘಟ್ಟದ ಮೇಲಿನವರಿಗೆ ಹೇಳುವುದಾದರೆ ಚಿಪ್ಪಿಕಲ್ಲು. ಪಕ್ಕದ ಟೇಬಲ್ಲಿನವರು ಊಟದ ನಡುವೆ ಎದ್ದು ಹೋಗಿ ಅವರ ಫೋಟೋ ತೆಗೆದುಕೊಂಡು ಬಂದರು. ಮೈದುನನ ಮಗಳು ಕೇಳಿದಳು, "ದೊಡ್ಡಮ್ಮಾ, ಅವ್ರು ಏನ್ ಆರಸಾಕತ್ತಾರ?" ಹೇಳಿದೆ. "ಹಂಗಾರ ಅದನ್ನ ಇಲ್ಲಿ ಕೊಡ್ತಾರೇನು?"

ಕೊಡುವುದಿಲ್ಲ ಪುಟ್ಟಾ. ಕಣ್ಣಿಗೆ ಕಾಣುವಷ್ಟು ಹತ್ತಿರದಿಂದ ಬರುವ ಯಾವುದನ್ನೂ ಇಲ್ಲಿ ಕೊಡುವುದಿಲ್ಲ.

ಇದ್ದದ್ದು ಪನೀರ್ ಬಟರ್ ಮಸಾಲಾ, ಗೋಬಿ ಮಂಚೂರಿ, ದಾಲ್ ತಡಕಾ, ಜೀರಾ ರೈಸ್, ಬಿಳಿ ಸಾಸ್ ಹಾಕಿದ ಪಾಸ್ತಾ, ಕೆಂಪು ಬಣ್ಣದ ಚಿಕನ್. ಮೀನಿನ ಪಾತ್ರೆಯ ಮುಚ್ಚಳ ತೆಗೆದೆ. ಒಂದೇ ಅಳತೆಯ ಬಿಳಿ ತುಂಡುಗಳು. ಮುಳ್ಳಿಲ್ಲ, ಚರ್ಮವಿಲ್ಲ, ಮೀನಿನ ವಾಸನೆ ಮೊದಲೇ ಇಲ್ಲ. ಯಾವ ಮೀನಪ್ಪಾ ಅಂತ ಬಡಿಸುವ ಹುಡುಗನನ್ನು ಕೇಳಿದೆ. "ಬಾಸಾ ಮೇಡಂ, ಬೋನ್‌ಲೆಸ್" ಅಂದ.

ಬಾಸಾ! ವಿಯೆಟ್ನಾಮಿನ ಮೆಕಾಂಗ್ ನದಿಯ ಜಾತಿ. ಈಗ ಆಂಧ್ರದ ಹೊಂಡಗಳಲ್ಲೂ ಅದೇ ಕುಲದ ಮೀನನ್ನು ಸಾಕುತ್ತಾರೆ. ಹೆಪ್ಪುಗಟ್ಟಿಸಿ, ಪ್ಯಾಕೆಟ್ಟಿನಲ್ಲಿ ತುಂಬಿ ಊರೂರಿಗೆ ಕಳಿಸುತ್ತಾರೆ. ಸಮುದ್ರವಿಲ್ಲದ ಊರಿನಲ್ಲಿ ಅದನ್ನು ತಿಂದರೆ ನನಗೇನೂ ಬೇಸರವಿಲ್ಲ. ಆದರೆ ಇದು ಕಾರವಾರ. ಬೈತಖೋಲದಲ್ಲಿ ಬಂದರು ಇದೆ. ಮಾರ್ಕೆಟ್ಟಿನಲ್ಲಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಬಂಗಡೆ, ತಾರ್ಲೆ, ಶೆಟ್ಲಿ (ಸಿಗಡಿ), ನೋಗ್ಲಿ, ಏಡಿ ಮಾರುತ್ತಾರೆ. ಆ ಬುಟ್ಟಿಗಳನ್ನು ದಾಟಿಕೊಂಡು ಒಂದು ಪ್ಯಾಕೆಟ್ ಮೀನು ಈ ನದಿಯ ದಂಡೆಗೆ ಬಂದು ಕೂತಿದೆಯಲ್ಲ, ಅದನ್ನು ಸಹಿಸುವುದು ಹೇಗೆ?

ಇದಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಆಮೇಲೆ. ಕೈ ತೊಳೆಯುವ ಜಾಗ ಹುಡುಕುತ್ತ ಅಡುಗೆಮನೆಯ ಹಿಂಬದಿಗೆ ಹೋದೆ. ಅಲ್ಲಿ ಹೊಡೆಯಿತು ನೋಡಿ ವಾಸನೆ. ಕಾಯಿ, ಒಣಮೆಣಸು ಅರೆದು, ಮುರುಗಲ (ಕೋಕಂ) ಸಿಪ್ಪೆ ಹಾಕಿ, ಜುಮ್ಮನಕಾಯಿ, ಅಂದರೆ ತಿರಫಲ ಅನ್ನುವ ಮಸಾಲೆ ಕಾಯಿ, ಜಜ್ಜಿ ಕುದಿಸಿದ ಬಂಗಡೆ ಸಾರು. ಜುಮ್ಮನಕಾಯಿ ಬಿದ್ದ ಸಾರನ್ನು ನಾನು ನಿದ್ದೆಯಲ್ಲೂ ಗುರುತು ಹಿಡಿಯುತ್ತೇನೆ. ಪಾತ್ರೆ ತೊಳೆಯುವ ಹೆಂಗಸರು ಕುಚ್ಚಲಕ್ಕಿ ಅನ್ನಕ್ಕೆ ಅದನ್ನು ಹಾಕಿಕೊಂಡು ಉಣ್ಣುತ್ತಿದ್ದರು. ನಿಂತು ನೋಡುತ್ತಿದ್ದ ನನ್ನನ್ನು ಕಂಡು ಒಬ್ಬರು, "ಬೇಕನ್ರಾ ಬಾಯಿ?" ಅಂದರು. ಬೇಡ ಅನ್ನುವ ಶಕ್ತಿ ನನಗಿರಲಿಲ್ಲ. ಅಲ್ಲೇ ನಿಂತು ಉಂಡೆ. ಇದನ್ನು ಒಳಗೆ ಎಂತಕ್ಕೆ ಇಡೂದಿಲ್ಲ ಅಂತ ಕೇಳಿದರೆ ಅವರು ನಾಚಿಕೊಂಡು, "ಗೆಸ್ಟಿಗೆ ಇದೆಲ್ಲ ಆಗೂದಿಲ್ಲಂತೆ" ಅಂದರು.

ಗೆಸ್ಟಿಗೆ ಆಗುವುದಿಲ್ಲ ಅಂತ ಯಾರು ತೀರ್ಮಾನ ಮಾಡಿದ್ದು? ಯಾವ ಗೆಸ್ಟನ್ನು ಕೇಳಿದ್ದರು? ಇಡೀ ರೆಸಾರ್ಟಿನಲ್ಲಿ ಆ ದಿನ ಬೆಂದ ಅತಿ ರುಚಿಯಾದ ಪದಾರ್ಥ ಅದು. ಅದನ್ನು ಹಿತ್ತಲಲ್ಲಿ ಉಣ್ಣಬೇಕು, ಎದುರಿಗೆ ಬಾಸಾ ಇಡಬೇಕು. ಆ ಹೆಂಗಸರು ತಮ್ಮ ಸಾರಿನ ಬಗ್ಗೆ ನಾಚಿಕೊಂಡರಲ್ಲ, ನನಗೆ ತಡೆಯಲಾಗದೆ ಹೋದದ್ದು ಅದು. ನಾಚಿಕೊಳ್ಳುವಂಥದ್ದು ಅದರಲ್ಲಿ ಏನಿತ್ತು?

ಮ್ಯಾನೇಜರ್ ಹತ್ತಿರ ಹೋಗಿ ಕೇಳಿದೆ. ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. ಬೆಂಗಳೂರು, ಹೈದರಾಬಾದಿನಿಂದ ಬರುವವರಿಗೆ ಮುಳ್ಳು ಆಗುವುದಿಲ್ಲ, ಮಕ್ಕಳಿರುತ್ತಾರೆ, ಮೀನಿನ ರೇಟು ದಿನಾ ಏರಿಳಿಯುತ್ತದೆ, ಮಳೆಗಾಲದಲ್ಲಿ ಬೋಟ್ ಬಂದ್, ವೆಜ್‌ನವರೇ ಜಾಸ್ತಿ, ನಾವೇನು ಮಾಡುವುದು ಅಂದರು. ವ್ಯಾಪಾರ ಮಾಡುವವರ ಕಷ್ಟ ಅವರಿಗೆ ಗೊತ್ತು, ಒಪ್ಪುತ್ತೇನೆ. ಆದರೆ ಈ ಮಾತುಗಳಲ್ಲಿ ಯಾವುದೂ ನಿಲ್ಲುವುದಿಲ್ಲ.

ಕಾರವಾರ ಪೇಟೆಯ ಖಾನಾವಳಿಗಳ ಮುಂದೆ ರಜೆಯ ದಿನ ಮಧ್ಯಾಹ್ನ ಹೋಗಿ ನಿಲ್ಲಿ. ಹೊರಗೆ ನಿಂತ ಕಾರುಗಳ ನಂಬರ್ ಪ್ಲೇಟ್ ನೋಡಿ. ಬೆಂಗಳೂರಿನವರೇ ಕಾಯುತ್ತ ನಿಂತಿರುತ್ತಾರೆ, ಒಂದು ಮೀನಿನ ಥಾಲಿಗೆ. ಸಾರು, ಕರಿದ ಮೀನು, ತಿಸ್ರೆ ಸುಕ್ಕೆ, ಸೋಲಕಡಿ. ಇನ್ನು ಮಾಜಾಳಿ ದಾಟಿ ಗೋವಾ ಹೊಕ್ಕರೆ ಮೀನು ಸಾರು-ಅನ್ನವನ್ನು ಬೋರ್ಡಿನಲ್ಲೇ ಬರೆದು ಹಾಕಿದ್ದಾರೆ. ಪ್ರವಾಸಿಗಳು ಅದಕ್ಕಾಗಿಯೇ ಹೋಗುತ್ತಾರೆ. ಗಡಿಯ ಆಚೆ ಮುಳ್ಳು ಬಿಡಿಸಿ ತಿನ್ನಲು ಬರುವ ಜನಕ್ಕೆ ಈಚೆ ಬಂದ ಕೂಡಲೇ ಮರೆತುಹೋಗುತ್ತದೆಯೇ?

ಮಳೆಗಾಲದ ಮಾತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳಿಗೆ ನಿಷೇಧ, ನಿಜ. ಮೀನು ಮೊಟ್ಟೆ ಇಡುವ ಕಾಲ, ನಿಷೇಧ ಇರಲೇಬೇಕು. ಹಾಗಂತ ಆ ಎರಡು ತಿಂಗಳು ಕರಾವಳಿಯ ಮನೆಗಳು ಬಾಸಾ ತಿಂದು ಬದುಕುತ್ತವೆಯೇ? ಸಾಂಪ್ರದಾಯಿಕ ದೋಣಿಗಳು ತರುವಷ್ಟು ತರುತ್ತವೆ, ಹೊಳೆಯ ಮೀನಿದೆ, ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನಿದೆ. ಒಣಶೆಟ್ಲಿ ಚಟ್ನಿಯ ಮುಂದೆ ಯಾವ ಪಾಸ್ತಾ ನಿಲ್ಲುತ್ತದೆ? ಅಷ್ಟಕ್ಕೂ ನಾವು ಹೋದದ್ದು ಮೇ ತಿಂಗಳಲ್ಲಿ. ರೇಟು ಏರಿಳಿಯುತ್ತದೆ ಅನ್ನುವುದಾದರೆ ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ ಬಂದು, ಇವತ್ತು ಈ ಮೀನು, ಇಷ್ಟು ದರ ಅಂತ ಹಲಗೆಯ ಮೇಲೆ ಬರೆಯಲಿ. ರೂಮಿಗೆ ಅಷ್ಟು ದುಡ್ಡು ತೆತ್ತವರು ತಾಜಾ ಮೀನಿಗೆ ಚೌಕಾಶಿ ಮಾಡುವುದಿಲ್ಲ.

ವೆಜ್‌ನವರ ಹೆಸರು ಹೇಳಿ ತಪ್ಪಿಸಿಕೊಳ್ಳುವುದಂತೂ ಬೇಡ. ನನ್ನ ಅತ್ತೆಯವರ ಮನೆಯಲ್ಲಿ ಮೀನು ನಡೆಯುವುದಿಲ್ಲ ಅನ್ನುವುದು ನಿಮಗೆಲ್ಲ ಗೊತ್ತು. ಅತ್ತೆಯವರು ಹಿಂದೊಮ್ಮೆ ನನ್ನ ತವರು ಅಂಕೋಲೆಯಲ್ಲಿ ನನ್ನ ಆಯಿ ಮಾಡಿಕೊಟ್ಟ ಒಂದೆಲಗದ ತಂಬುಳಿ, ಹಲಸಿನ ಹಣ್ಣಿನ ಕಡುಬು, ಅಪ್ಪೆಹುಳಿ ನೆನೆಸಿಕೊಂಡೇ ಕಾರು ಹತ್ತಿದ್ದರು. ಹಲಸು ಮರದಲ್ಲಿ ತೂಗುವ ಕಾಲ. ಮುರುಗಲ ಹಣ್ಣು ಕೆಂಪಾಗಿ ಉದುರುವ ಕಾಲ. ಅವರ ಕೈಗೆ ಬಂದ ವೆಲ್‌ಕಮ್ ಡ್ರಿಂಕ್ ನೀಲಿ ಬಣ್ಣದ ಸೋಡಾ. ತಟ್ಟೆಗೆ ಬಂದದ್ದು ಹುಬ್ಬಳ್ಳಿಯ ಯಾವ ಹೋಟೆಲಿನಲ್ಲೂ ಸಿಗುವ ಪನೀರು. ಮೊಸರನ್ನ ಕಲಸಿಕೊಂಡು, ಸ್ಯಾಶೆ ಉಪ್ಪಿನಕಾಯಿ ಹರಿದು ಹಾಕಿಕೊಂಡು ಎದ್ದರು. ಅಪ್ಪೆಮಿಡಿಯ ಜಿಲ್ಲೆಯಲ್ಲಿ ಸ್ಯಾಶೆ ಉಪ್ಪಿನಕಾಯಿ!

ಸಿಹಿಗೆ ಮ್ಯಾಂಗೋ ಮೂಸ್ ಇತ್ತು, ಡಬ್ಬಿಯ ತಿರುಳಿನದು. ಮೇ ತಿಂಗಳು, ಕಾರವಾರ, ಡಬ್ಬಿಯ ಮಾವು. ಮಾರನೇ ದಿನ ರವಿವಾರದ ಸಂತೆಗೆ ಎಲ್ಲರನ್ನೂ ಕರೆದುಕೊಂಡು ಹೋದೆ. ಕರಿ ಇಶಾಡ ಮಾವಿನ ರಾಶಿ ಕೂತಿತ್ತು. ನಮ್ಮ ಅಂಕೋಲೆಯ ಹಣ್ಣು, 2023ರಲ್ಲಿ ಜಿಐ ಟ್ಯಾಗ್, ಅಂದರೆ ಈ ಊರಿನದೇ ಹಣ್ಣು ಅನ್ನುವ ಸರ್ಕಾರಿ ಗುರುತು, ಸಿಕ್ಕಿದ್ದು. ಸಿಪ್ಪೆ ತೆಳು, ತುಂಬ ದಿನ ತಡೆಯುವುದಿಲ್ಲ, ದೂರಕ್ಕೆ ಕಳಿಸುವುದು ಕಷ್ಟ. ಅಂದರೆ ಹೊರಗಿನವರು ಇಲ್ಲಿಗೆ ಬಂದು ತಿನ್ನಬೇಕಾದ ಹಣ್ಣು. ಬಂದವರಿಗೆ ಅದನ್ನು ಕತ್ತರಿಸಿ ಕೊಡುವುದಕ್ಕೆ ಯಾವ ಶೆಫ್ ಬೇಕು? ಅತ್ತೆಯವರು ಸಂತೆಯಲ್ಲೇ ಒಂದು ಹಣ್ಣು ಹಿಂಡಿ ತಿಂದು, "ಇದನ್ನ್ಯಾಕ ಇವರು ಕೊಡಲಿಲ್ಲ?" ಅಂತ ನನ್ನನ್ನು ಕೇಳಿದರು. ಊರು ನನ್ನದು ನೋಡಿ, ಉತ್ತರ ನಾನೇ ಕೊಡಬೇಕು.

ಇಷ್ಟೊಂದು ಯಾಕೆ ಹಚ್ಚಿಕೊಂಡೆ ಅಂತ ನಮ್ಮವರು ದಾರಿಯುದ್ದಕ್ಕೂ ಕೇಳಿದರು. ಅವರಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆಯಿ ಹೋದ ಮೇಲೆ ಅಂಕೋಲೆಯ ಮನೆಗೆ ಬೀಗ ಬಿದ್ದಿದೆ. ನನ್ನ ಊರಲ್ಲಿ ನನಗೆ ಬಡಿಸುವವರು ಯಾರೂ ಉಳಿದಿಲ್ಲ. ಈಗ ದುಡ್ಡು ಕೊಟ್ಟೇ ಉಣ್ಣಬೇಕು. ದುಡ್ಡು ಕೊಟ್ಟರೂ ನನ್ನೂರಿನ ಊಟ ನನ್ನೂರಲ್ಲಿ ಸಿಗದಿದ್ದರೆ ತವರು ಕಳೆದುಕೊಂಡವರು ಎಲ್ಲಿಗೆ ಹೋಗಬೇಕು?

ನನ್ನ ಸಂಕಟ ಒಂದು ಕಡೆ ಇರಲಿ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ–ಅಂಕೋಲೆ ನಡುವಿನ ಕಡಲತೀರದ ಊರುಗಳು ಎದ್ದುಹೋದದ್ದನ್ನು ಕೇಳುತ್ತ, ನೋಡುತ್ತ ಬೆಳೆದವರು ನಾವು. ದೋಣಿ ಎಳೆದುಕೊಳ್ಳುತ್ತಿದ್ದ ದಂಡೆಯನ್ನೇ ಬಿಟ್ಟು ಹೋದ ಮೀನುಗಾರ ಕುಟುಂಬಗಳಿವೆ. ಉಳಿದ ದಂಡೆಗೆ ಈಗ ರೆಸಾರ್ಟುಗಳು ಬರುತ್ತಿವೆ, ಸ್ಥಳೀಯರಿಗೆ ಕೆಲಸ ಸಿಗುತ್ತದೆ ಅನ್ನುತ್ತಾರೆ. ಬರಲಿ. ಆದರೆ ಆ ಅಡುಗೆಮನೆ ಮೀನನ್ನು ಮೀನುಗಾರ್ತಿಯಿಂದ ಕೊಳ್ಳದಿದ್ದರೆ, ಸೊಪ್ಪನ್ನು ಹಾಲಕ್ಕಿ ಸಮುದಾಯದ ಹೆಂಗಸಿನ ಬುಟ್ಟಿಯಿಂದ ಕೊಳ್ಳದಿದ್ದರೆ, ಹಣ್ಣನ್ನು ಸಂತೆಯಿಂದ ಕೊಳ್ಳದಿದ್ದರೆ, ಊರಿನವರಿಗೆ ಉಳಿಯುವ ಕೆಲಸ ಪಾತ್ರೆ ತೊಳೆಯುವುದೊಂದೇ. ತಿಸ್ರೆ ಹೆಕ್ಕುವ ಹೆಂಗಸಿಗೆ ಆ ಕಟ್ಟಡದಿಂದ ಸಿಕ್ಕಿದ್ದೇನು? ಕೇಳದೆ ತೆಗೆದ ಫೋಟೋ. ಅವಳು ಹೆಕ್ಕಿದ್ದರಲ್ಲಿ ದಿನಕ್ಕೆ ಒಂದು ಬುಟ್ಟಿ ಕೊಂಡರೆ ಅವಳ ಮನೆಯ ಲೆಕ್ಕವೇ ಬದಲಾಗುತ್ತದೆ. ಇವರ ಲೆಕ್ಕದಲ್ಲಿ ಅದು ಗೊತ್ತೂ ಆಗುವುದಿಲ್ಲ.

ಹೊರಡುವಾಗ ಅಭಿಪ್ರಾಯ ಬರೆಯುವ ಪುಸ್ತಕ ಮುಂದಿಟ್ಟರು. ಕನ್ನಡದಲ್ಲಿ ಒಂದು ಪುಟ ಬರೆದೆ. ಹಿಂದಿನ ಬಾಗಿಲ ಬಂಗಡೆ ಸಾರನ್ನು ಮುಂದಿನ ಬಾಗಿಲಿಗೆ ತನ್ನಿ, ಮಾಡಿದವರನ್ನೇ ಬಡಿಸಲು ನಿಲ್ಲಿಸಿ, ಅದಕ್ಕೆ ಅವರಿಗೆ ಬೇರೆ ಸಂಬಳ ಕೊಡಿ ಅಂತ ಬರೆದೆ. ಕೆಳಗೆ ನನ್ನ ಫೋನ್ ನಂಬರನ್ನೂ ಹಾಕಿದ್ದೇನೆ. ಮ್ಯಾನೇಜರ್ ಓದಿ, "ಮಾಲೀಕರಿಗೆ ತೋರಿಸ್ತೇನೆ ಮೇಡಂ" ಅಂದರು. ತೋರಿಸಲಿ. ಆಗಸ್ಟ್‌ನಲ್ಲಿ ಬೋಟುಗಳು ಇಳಿದ ಮೇಲೆ ನಾನೇ ಫೋನ್ ಮಾಡಿ ಕೇಳುವವಳಿದ್ದೇನೆ.

ಅಲ್ಲಿಯವರೆಗೆ ನಿಮ್ಮಲ್ಲೊಂದು ವಿನಂತಿ. ಹೊನ್ನಾವರದಿಂದ ಮಾಜಾಳಿಯವರೆಗೆ, ಇಲ್ಲವೇ ಶಿರಸಿ, ಯಲ್ಲಾಪುರದ ಕಡೆ, ಊರಿನ ಅಡುಗೆಯನ್ನೇ ಬಡಿಸುವ ಹೋಂಸ್ಟೇ, ರೆಸಾರ್ಟ್ ಇದ್ದರೆ ಕೆಳಗೆ ಬರೆಯಿರಿ. ನನಗೆ ಮೀನು ಸಾರು ಸಿಗಬೇಕು, ಅತ್ತೆಯವರಿಗೆ ತಂಬುಳಿ ಸಿಗಬೇಕು. ದೀಪಾವಳಿ ರಜೆಗೆ ಮತ್ತೆ ಘಟ್ಟ ಇಳಿಯುತ್ತೇವೆ.