ಪಿಕಪ್‌ಗೆ ಹೊಸ ಹೆಡ್‌ಲೈಟ್: ಟೆಕ್ಸಸ್‌ನಿಂದ ಹಾಸನದ ತಮ್ಮನಿಗೆ

ಹೋದ ಸಲ ಊರಿಗೆ ಹೊರಡೋ ಮುಂಚೆ ತಮ್ಮ ಫೋನ್ ಮಾಡಿದ್ದ. "ಅಣ್ಣ, ನಿನ್ನ ಗಾಡಿಗೆ ಹಾಕ್ಸಿದೀಯಲ್ಲ, ಅಂಥದ್ದೇ ಒಂದು ಜೊತೆ ಪ್ರೊಜೆಕ್ಟರ್ ಲೈಟ್ ತಗೊಂಡು ಬಾ, ಇಲ್ಲಿ ಗ್ಯಾರೇಜಲ್ಲಿ ಕೂರಿಸಿಕೊಡ್ತಾರೆ" ಅಂದ. ಪ್ರೊಜೆಕ್ಟರ್ ಅಂದರೆ ಬಲ್ಬಿನ ಮುಂದೆ ಮಸೂರ ಇರುವ ಹೆಡ್‌ಲೈಟ್. ತರಲ್ಲ ಅಂದುಬಿಟ್ಟೆ. ಅವನಿಗೆ ಬೇಜಾರಾಯ್ತು.

ಅವನದು ಹಾಸನದ ಹತ್ತಿರ ಶುಂಠಿ ಮೂಟೆ ಸಾಗಿಸುವ ಬೊಲೆರೊ ಪಿಕಪ್, ನನ್ನದು ಟೆಕ್ಸಸ್‌ನಲ್ಲಿ ಟ್ರೇಲರ್ ಎಳೆಯುವ ಗಾಡಿ. ನಾನು ಬೇಡ ಅಂದದ್ದಕ್ಕೆ ಕಾರಣ ಇದೆ. ಅಮೆರಿಕದಲ್ಲಿ ಬಲಗಡೆ ಗಾಡಿ ಓಡಿಸುತ್ತಾರೆ. ಹಾಗಾಗಿ ಇಲ್ಲಿನ ಲೋ ಬೀಮ್, ಅಂದರೆ ಡಿಮ್ ಮಾಡಿದಾಗಿನ ಬೆಳಕು, ಎಡಕ್ಕೆ ತಗ್ಗಿ, ಬಲಕ್ಕೆ ಸ್ವಲ್ಪ ಮೇಲಕ್ಕೆ ಏರುತ್ತದೆ, ರಸ್ತೆ ಪಕ್ಕದ ಬೋರ್ಡು, ಜನ, ಜಿಂಕೆ ಕಾಣಲಿ ಅಂತ. ಅದೇ ಲೈಟನ್ನು ಎಡಗಡೆ ಓಡಿಸುವ ನಮ್ಮ ಶಿರಾಡಿ ಘಾಟಿಯಲ್ಲಿ ಹಾಕಿದರೆ ಆ ಮೇಲೇರುವ ಬೆಳಕು ನೇರ ಎದುರಿಂದ ಬರುವವನ ಕಣ್ಣಿಗೆ ಬೀಳುತ್ತದೆ. ಎಷ್ಟು ದುಡ್ಡು ಕೊಟ್ಟು ತಂದರೂ ಅದು ಅಲ್ಲಿಗೆ ತಪ್ಪು ಲೈಟೇ.

ನಾನೂ ಮೊದಲು ಸುಲಭದ ದಾರಿ ಹಿಡಿದಿದ್ದೆ. ಹ್ಯಾಲೊಜೆನ್ ಬಲ್ಬ್ ಕಿತ್ತು ಅದೇ ಜಾಗಕ್ಕೆ ಎಲ್‌ಇಡಿ ಬಲ್ಬ್ ಹಾಕಿದೆ, ಹತ್ತು ನಿಮಿಷದ ಕೆಲಸ. ಮುಂದೆ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ ಕಂಡಿತು, ಖುಷಿಯಾಯ್ತು. ಆಮೇಲೆ ಎದುರಿಂದ ಬರುವವರೆಲ್ಲ ಹೈ ಬೀಮ್ ಮಿನುಗಿಸಿ ಬೈಯೋಕೆ ಶುರು ಮಾಡಿದರು, ನಾನು ಲೋ ಬೀಮಲ್ಲೇ ಇದ್ದರೂ. ಮನೆಯ ಗ್ಯಾರೇಜ್ ಬಾಗಿಲ ಮೇಲೆ ಬೆಳಕು ಬಿಟ್ಟು ನೋಡಿದಾಗ ಅರ್ಥವಾಯ್ತು. ಹ್ಯಾಲೊಜೆನ್‌ನ ರಿಫ್ಲೆಕ್ಟರನ್ನು, ಅಂದರೆ ಬಲ್ಬಿನ ಹಿಂದಿನ ಹೊಳೆಯುವ ಬಟ್ಟಲನ್ನು, ಬಲ್ಬಿನೊಳಗಿನ ಸಣ್ಣ ತಂತಿ ಎಲ್ಲಿ ಉರಿಯುತ್ತದೋ ಅದಕ್ಕೆ ತಕ್ಕಂತೆ ಮಾಡಿರುತ್ತಾರೆ. ಎಲ್‌ಇಡಿಯಲ್ಲಿ ಬೆಳಕು ಹುಟ್ಟುವ ರೀತಿಯೇ ಬೇರೆ. ಅದನ್ನು ಅಲ್ಲಿಟ್ಟರೆ ಬೆಳಕು ಮೇಲಕ್ಕೆ ಹೋಗದಂತೆ ನಿಲ್ಲುವ ಗೆರೆ ಹರಿದುಹೋಗಿ ಬೆಳಕು ಎಲ್ಲೆಲ್ಲೋ ಚೆಲ್ಲುತ್ತದೆ. ಇಲ್ಲಿನ ಗಾಡಿ ಲೈಟುಗಳ ಫೆಡರಲ್ ನಿಯಮ 108ರಲ್ಲಿ ಹ್ಯಾಲೊಜೆನ್ ಹೆಡ್‌ಲೈಟಿಗೆ ಹೀಗೆ ಹಾಕುವ ಎಲ್‌ಇಡಿ ಬಲ್ಬಿಗೆ ಒಪ್ಪಿಗೆಯೇ ಇಲ್ಲ. ಆದರೂ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ, ಕೇಳುವವರಿಲ್ಲ. ಟೆಕ್ಸಸ್‌ನಲ್ಲಂತೂ 2025ರ ಜನವರಿಯಿಂದ ಸ್ವಂತ ಗಾಡಿಗಳಿಗೆ ವರ್ಷಕ್ಕೊಮ್ಮೆಯ ಸುರಕ್ಷತಾ ತಪಾಸಣೆಯನ್ನೇ ತೆಗೆದುಹಾಕಿದ್ದಾರೆ.

ಹಾಗಂತ ಕಂಪನಿಯಿಂದ ಬರುವ ಲೈಟು ಚೆನ್ನಾಗಿರುತ್ತದೆ ಅಂತಲೂ ಅಲ್ಲ. 2016ರಲ್ಲಿ ಇಲ್ಲಿನ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ 11 ಪಿಕಪ್‌ಗಳ ಹೆಡ್‌ಲೈಟ್ ಪರೀಕ್ಷೆ ಮಾಡಿದಾಗ 'ಉತ್ತಮ' ಅನ್ನಿಸಿಕೊಂಡದ್ದು ಒಂದೇ ಒಂದು, ಹೋಂಡಾ ರಿಡ್ಜ್‌ಲೈನ್. ಹಾಗಾಗಿ ಬದಲಾಯಿಸುವ ಆಸೆ ತಪ್ಪಲ್ಲ. ಬಲ್ಬ್ ಮಾತ್ರ ಬದಲಾಯಿಸುವುದು ತಪ್ಪು. ಕೊನೆಗೆ ನಾನು ಇಡೀ ಲೈಟನ್ನೇ ಬದಲಾಯಿಸಿದೆ, ಇಲ್ಲಿನ ನಿಯಮಕ್ಕೆ ತಕ್ಕಂತಿದೆ ಅಂತ ತಯಾರಕರು ಹಾಕುವ ಡಿಒಟಿ, ಎಸ್‌ಎಇ ಗುರುತುಗಳು ಗಾಜಿನ ಮೇಲೆ ಅಚ್ಚಿರುವ ಪ್ರೊಜೆಕ್ಟರ್. ಆಮೇಲೆ 25 ಅಡಿ ದೂರದ ಗೋಡೆಗೆ ಟೇಪ್ ಅಂಟಿಸಿ, ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು ಕೆಳಗೆ ಬೆಳಕಿನ ಗೆರೆ ತಂದು ಸ್ಕ್ರೂ ತಿರುಗಿಸಿದೆ. ಅರ್ಧ ಗಂಟೆ ಹಿಡಿಯಿತು, ಆದರೆ ಈ ಅರ್ಧ ಗಂಟೆಯೇ ನಿಜವಾದ ಕೆಲಸ.

ಈ ಗೋಡೆ ಕೆಲಸವನ್ನು ನಮ್ಮೂರ ಕಡೆ ಯಾರೂ ಮಾಡೋದು ನಾನು ನೋಡಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಎಲ್‌ಇಡಿ ತಂದು, ತಾಲೂಕಿನ ಗ್ಯಾರೇಜಲ್ಲಿ ಹಾಕಿಸಿ, ಆವತ್ತೇ ರಾತ್ರಿ ಲೋಡ್ ಎತ್ತುತ್ತಾರೆ. ಪಿಕಪ್ ವಿಷಯದಲ್ಲಿ ಇದು ಇನ್ನೂ ಅಪಾಯ, ಯಾಕೆಂದರೆ ಹಿಂದೆ ಮೂಟೆ ಬಿದ್ದ ಕೂಡಲೇ ಹಿಂಭಾಗ ಕೂರುತ್ತದೆ, ಮೂತಿ ಏಳುತ್ತದೆ, ಲೋ ಬೀಮ್ ಮರದ ತುದಿ ನೋಡುತ್ತದೆ. ಖಾಲಿ ಗಾಡಿಯಲ್ಲಿ ಸರಿ ಮಾಡಿದ್ದು ಲೋಡ್ ಗಾಡಿಗೆ ಸರಿ ಇರಲ್ಲ. ಈ ವಿಷಯದಲ್ಲಿ ಊರಿನ ಕಾರುಗಳೇ ಮೇಲು. ಸ್ಟೇರಿಂಗ್ ಹತ್ತಿರ ಬೆಳಕನ್ನು ಮೇಲೆ ಕೆಳಗೆ ಮಾಡುವ ಒಂದು ಸಣ್ಣ ಚಕ್ರ ಎಷ್ಟೋ ಗಾಡಿಗಳಲ್ಲಿ ಇರುತ್ತದೆ, ಅದನ್ನು ಮುಟ್ಟುವವರು ಮಾತ್ರ ಕಡಿಮೆ. ಅಮೆರಿಕದಲ್ಲಿ ಅದು ಕಡ್ಡಾಯವಲ್ಲ, ನನ್ನ ಗಾಡಿಯಲ್ಲಿ ಇಲ್ಲವೇ ಇಲ್ಲ. ಟ್ರೇಲರ್ ಕಟ್ಟಿದಾಗ ನಾನೇ ಮತ್ತೆ ಗೋಡೆ ಮುಂದೆ ನಿಲ್ಲಬೇಕು. ಹಿಂದಿನ ಇಂಡಿಕೇಟರ್ ನೋಡಿದರೂ ಊರೇ ವಾಸಿ. ಇಲ್ಲಿ ಅದು ಕೆಂಪಿದ್ದರೂ ಕಾನೂನು ಒಪ್ಪುತ್ತದೆ. ಮಳೆಯಲ್ಲಿ ಬ್ರೇಕ್ ಹಿಡಿದನೋ ತಿರುಗುತ್ತಿದ್ದಾನೋ ತಿಳಿಯಲ್ಲ. ನಮ್ಮಲ್ಲಿ ಹಳದಿ, ನೋಡಿದ ಕೂಡಲೇ ಗೊತ್ತಾಗುತ್ತದೆ, ಅಲ್ವಾ?

ಎದುರು ಗಾಡಿ ಬಂದಾಗ ಡಿಮ್ ಮಾಡುವುದರಲ್ಲಿ ಮಾತ್ರ ಇಲ್ಲಿನವರನ್ನು ಮೆಚ್ಚಲೇಬೇಕು. ಎದುರು ಗಾಡಿ 500 ಅಡಿ ಇರುವಾಗಲೇ ಹೈ ಬೀಮ್ ತೆಗೆಯಬೇಕು ಅಂತ ಟೆಕ್ಸಸ್ ಕಾನೂನು ಹೇಳುತ್ತದೆ, ಹಳ್ಳಿ ರಸ್ತೆಯಲ್ಲೂ ಜನ ಅದನ್ನು ಪಾಲಿಸುವುದನ್ನು ದಿನಾ ನೋಡುತ್ತೇನೆ. 2024ರ ಜುಲೈಯಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ಹಾಕಿದ ಗಾಡಿಗಳ ಮೇಲೆ ಕೇಸು ಹಾಕಲು ಶುರು ಮಾಡಿದ್ದು ಕೇಳಿ ನನಗೆ ನಿಜಕ್ಕೂ ಸಮಾಧಾನವಾಯ್ತು.

ಊರಿಗೆ ಹೋದಾಗ ತಮ್ಮನ ಪಿಕಪ್‌ನ ಲೈಟು ನೋಡಿದೆ. ಗಾಜು ಹಳದಿಗಟ್ಟಿತ್ತು, ರಿಫ್ಲೆಕ್ಟರ್ ಮಂಕಾಗಿತ್ತು. ಅದೇ ಗಾಡಿಯದ್ದೇ ಹೊಸ ಹೆಡ್‌ಲೈಟ್ ತರಿಸಿದೆವು, 60/55 ವ್ಯಾಟ್‌ನ (ಹೈ ಬೀಮಿಗೆ 60, ಲೋ ಬೀಮಿಗೆ 55) ಮಾಮೂಲಿ ಬಲ್ಬ್, ಲೈಟಿನ ಕರೆಂಟು ಸ್ವಿಚ್ಚಿನ ಮೂಲಕ ಹೋಗದೆ ಬ್ಯಾಟರಿಯಿಂದ ನೇರ ಬರುವ ರಿಲೇ ವೈರಿಂಗ್. ಸಂಜೆ ಹೊತ್ತಿಗೆ ಆರು ಮೂಟೆ ಹೇರಿ, ಶುಂಠಿ ಗೋಡೌನ್ ಗೋಡೆಗೆ ಸುಣ್ಣದಲ್ಲಿ ಗೆರೆ ಎಳೆದು, ಅವನು ಸ್ಕ್ರೂ ತಿರುಗಿಸಿದ, ನಾನು ಗೋಡೆ ಹತ್ತಿರ ನಿಂತು "ಇನ್ನೊಂಚೂರು ಕೆಳಗೆ" ಅಂತ ಹೇಳುತ್ತಿದ್ದೆ. ಆ ಗೆರೆ ಅಳಿಸಬೇಡ ಅಂದಿದ್ದೇನೆ.